ಸಟ್ಟುಗ ಕೈಗೆ ಬಂದ ಮೇಲೆ: ಉಡುಪಿ ಕೃಷ್ಣಮಠದ ಒಂದು ವರ್ಷ

ಜನವರಿ 18ರ ನಸುಕು. ಸಮಸಂಖ್ಯೆಯ ವರ್ಷವಾದರೆ ಆ ರಾತ್ರಿ ಉಡುಪಿಗೆ ನಿದ್ದೆಯಿಲ್ಲ. ಕೃಷ್ಣನ ಪೂಜೆಯ ಹೊಣೆ ಒಬ್ಬ ಸ್ವಾಮಿಗಳಿಂದ ಇನ್ನೊಬ್ಬರಿಗೆ ಹೋಗುವ ದಿನ ಅದು. ಕಾಪು ಬಳಿಯ ದಂಡತೀರ್ಥದಲ್ಲಿ ಮಿಂದು ಬಂದ ಸ್ವಾಮಿಗಳನ್ನು ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ಕರೆತರುತ್ತಾರೆ. ಚೆಂಡೆ, ವಾದ್ಯ, ಪಲ್ಲಕ್ಕಿ, ರಸ್ತೆಯ ಎರಡೂ ಬದಿ ಜನ. ರಥಬೀದಿಗೆ ಬಂದ ಸ್ವಾಮಿಗಳು ಮೊದಲು ಕನಕನ ಕಿಂಡಿಯಲ್ಲಿ ಕೃಷ್ಣನನ್ನು ನೋಡುತ್ತಾರೆ. ಚಂದ್ರಮೌಳೀಶ್ವರನಿಗೂ ಅನಂತೇಶ್ವರನಿಗೂ ಕೈ ಮುಗಿದು, ಆಮೇಲೆ ಕೃಷ್ಣಮಠದ ಒಳಗೆ ಕಾಲಿಡುತ್ತಾರೆ. ಅಲ್ಲಿ, ಎರಡು ವರ್ಷ ಪೂಜೆ ನಡೆಸಿದ ಸ್ವಾಮಿಗಳು ಅವರನ್ನು ಎದುರುಗೊಂಡು, ಮಧ್ವಾಚಾರ್ಯರ ಕಾಲದಿಂದ ಬಂದದ್ದು ಎಂದು ನಂಬುವ ಸರ್ವಜ್ಞ ಪೀಠದಲ್ಲಿ ಕೂರಿಸುತ್ತಾರೆ. ಕೈಗೆ ಮೂರು ವಸ್ತು ಕೊಡುತ್ತಾರೆ. ಒಂದು ಅಕ್ಷಯಪಾತ್ರೆ, ಒಂದು ಸಟ್ಟುಗ, ಗರ್ಭಗುಡಿಯ ಬೀಗದ ಕೈ.

ಬೀಗದ ಕೈ ಕೊಡುವುದು ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಪಾತ್ರೆ ಮತ್ತು ಸಟ್ಟುಗ? ಇದು ಅಡುಗೆಮನೆಯ ಸಾಮಾನು ಅಲ್ವಾ?

ಹೌದು. ಮಠದ ವರ್ಷ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದರೆ ಹಿಡಿಯಬೇಕಾದ ಎಳೆಯೂ ಅದೇ. ಸನ್ಯಾಸಿ ಅಂದರೆ ಮನೆ ಬಿಟ್ಟವನು, ಒಲೆ ಬಿಟ್ಟವನು, ತನಗಾಗಿ ಬೇಯಿಸಿಕೊಳ್ಳದವನು. ಅಂಥವನ ಕೈಗೆ ಊರಿನಲ್ಲೇ ಅತಿ ದೊಡ್ಡ ಅಡುಗೆಮನೆ ಬರುತ್ತದೆ. ಅಲ್ಲಿಂದ ಮುಂದೆ ಎರಡು ವರ್ಷ ಅವನು ಎಷ್ಟು ಗಂಟೆಗೆ ಏಳಬೇಕು, ಯಾವಾಗ ಉಣ್ಣಬೇಕು, ಯಾವ ತಿಂಗಳು ಏನು ಮುಟ್ಟಬಾರದು ಎನ್ನುವುದನ್ನೆಲ್ಲ ಪಂಚಾಂಗ ಮತ್ತು ನೈವೇದ್ಯ ತೀರ್ಮಾನ ಮಾಡುತ್ತವೆ.

ಎಂಟು ಮಠ, ಒಬ್ಬ ಕೃಷ್ಣ

ಹೊರಗಿನವರಿಗೆ ಮೊದಲು ಗೊಂದಲವಾಗುವುದು ಇಲ್ಲಿ. ಕೃಷ್ಣಮಠ ಒಂದೇ. ಅದನ್ನು ನೋಡಿಕೊಳ್ಳುವ ಮಠಗಳು ಎಂಟು: ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಕೃಷ್ಣನ ವಿಗ್ರಹವನ್ನು ಪ್ರತಿಷ್ಠೆ ಮಾಡಿ, ಪೂಜೆಯ ಹೊಣೆಯನ್ನು ಎಂಟು ಶಿಷ್ಯರಿಗೆ ಕೊಟ್ಟರು. ಆ ಎಂಟು ಶಿಷ್ಯರ ಪರಂಪರೆಯೇ ಈ ಎಂಟು ಮಠ. ಹೆಸರುಗಳೆಲ್ಲ ಊರಿನ ಹೆಸರುಗಳು. ಮೂಲ ಮಠ ಆಯಾ ಊರಲ್ಲಿದೆ, ಜೊತೆಗೆ ರಥಬೀದಿಯ ಸುತ್ತ ಎಂಟಕ್ಕೂ ಒಂದೊಂದು ಕಟ್ಟಡವಿದೆ. ಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜೆ ಮಾಡುವ ಹಕ್ಕು ಈ ಎಂಟು ಮಠದ ಯತಿಗಳಿಗೆ ಮಾತ್ರ. ಎಂಥ ದೊಡ್ಡ ಪಂಡಿತ ಗೃಹಸ್ಥನಾದರೂ ಆ ಹೊಸ್ತಿಲು ದಾಟುವ ಹಾಗಿಲ್ಲ.

ಎಂಟು ಜನ ಒಂದೇ ದೇವರನ್ನು ಪೂಜಿಸುವುದು ಹೇಗೆ? ಸರದಿಯಲ್ಲಿ. ಆ ಸರದಿಗೆ ಪರ್ಯಾಯ ಎಂದು ಹೆಸರು. ಮೊದಲು ಒಬ್ಬೊಬ್ಬರಿಗೆ ಎರಡೆರಡು ತಿಂಗಳು ಇತ್ತು. 1522ರಲ್ಲಿ ಸೋದೆ ಮಠದ ವಾದಿರಾಜರು ಅದನ್ನು ಎರಡೆರಡು ವರ್ಷ ಮಾಡಿದರು.

ಈ ಬದಲಾವಣೆ ಯಾಕೆ ದೊಡ್ಡದು ಅನ್ನುವುದಕ್ಕೆ ಸ್ವಲ್ಪ ಲೆಕ್ಕ ಹಾಕಿ. ಎರಡು ತಿಂಗಳ ಸರದಿಯಲ್ಲಿ ಒಬ್ಬರ ಪಾಳಿ ಮುಗಿದು ಮತ್ತೆ ಬರುವುದಕ್ಕೆ 14 ತಿಂಗಳು. ಅಷ್ಟರಲ್ಲಿ ಕಾಶಿಗೋ ಬದರಿಗೋ ನಡೆದುಕೊಂಡು ಹೋಗಿ ಬರುವುದೇ ಕಷ್ಟ. ಇನ್ನು ಗ್ರಂಥ ಬರೆಯುವುದು, ಶಿಷ್ಯರಿಗೆ ಪಾಠ ಹೇಳುವುದು ಯಾವಾಗ? ಎರಡು ವರ್ಷದ ಸರದಿಯಾದಾಗ ನಡುವೆ 14 ವರ್ಷ ಸಿಕ್ಕಿತು. ಇತ್ತ ಪೂಜೆಗೆ ಕೂತವರಿಗೂ ಒಂದು ವ್ಯವಸ್ಥೆಯನ್ನು ಕಟ್ಟಿ ನಿಲ್ಲಿಸುವಷ್ಟು ಸಮಯ ಬಂತು. ಹಾಗಂತ ಯಾರೂ ಅಲ್ಲೇ ಬೇರು ಬಿಡುವಷ್ಟು ಜಾಸ್ತಿ ಸಮಯವೂ ಅಲ್ಲ. ಅಧಿಕಾರ ಹಂಚುವ ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ಏರ್ಪಾಡು ನನಗಂತೂ ಇನ್ನೊಂದು ಗೊತ್ತಿಲ್ಲ. 1522ರಿಂದ ಇಲ್ಲಿಯವರೆಗೆ ಸರದಿಯ ಕ್ರಮ ಅದೇ. 2018ರಲ್ಲಿ ಪಲಿಮಾರಿನಿಂದ 32ನೇ ಸುತ್ತು ಶುರುವಾಯಿತು, 2026ರ ಸರದಿ ಶಿರೂರು ಮಠದ್ದು.

16 ವರ್ಷಕ್ಕೊಮ್ಮೆ ಬರುವ ಸರದಿಯಾದ್ದರಿಂದ ಒಂದು ಜನ್ಮದಲ್ಲಿ ಒಬ್ಬರಿಗೆ ಎರಡೋ ಮೂರೋ ಸಿಕ್ಕರೆ ಹೆಚ್ಚು. ಪೇಜಾವರದ ವಿಶ್ವೇಶತೀರ್ಥರು 1938ರಲ್ಲಿ ಪುಟ್ಟ ಹುಡುಗನಾಗಿದ್ದಾಗಲೇ ಸನ್ಯಾಸ ತೆಗೆದುಕೊಂಡವರು. 1952, 1968, 1984, 2000, 2016 ಹೀಗೆ ಐದು ಪರ್ಯಾಯ ಮಾಡಿದರು. ಮೊದಲ ಸಲ ಸಟ್ಟುಗ ಹಿಡಿದಾಗ ಇಪ್ಪತ್ತರ ಆಸುಪಾಸು, ಕೊನೆಯ ಸಲ ಎಂಬತ್ತು ದಾಟಿತ್ತು. ದಿನಚರಿ ಮಾತ್ರ ಎರಡು ಸಲವೂ ಒಂದೇ.

ಬೆಳಗಿನ ಜಾವದಿಂದ ಏಕಾಂತದವರೆಗೆ

ಆ ದಿನಚರಿಯನ್ನೇ ನೋಡೋಣ. ಕೃಷ್ಣನಿಗೆ ದಿನಕ್ಕೆ ಹದಿನಾಲ್ಕು ಪೂಜೆ. ಹದಿನಾಲ್ಕನ್ನೂ ಪಟ್ಟಿ ಮಾಡುತ್ತಾ ಹೋದರೆ ನಿಮಗೂ ಬೇಸರ, ನನಗೂ ಬೇಸರ. ಅವುಗಳ ಹಿಂದಿನ ಕಲ್ಪನೆ ಹಿಡಿದರೆ ಸಾಕು: ಇಲ್ಲಿ ದೇವರು ಒಂದು ಮಗು. ಕೈಯಲ್ಲಿ ಕಡೆಗೋಲು ಹಿಡಿದ ಬಾಲಕೃಷ್ಣ. ಮಗುವಿರುವ ಮನೆಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನೇನು ನಡೆಯುತ್ತದೋ ಅದೆಲ್ಲ ಇಲ್ಲಿಯೂ ನಡೆಯುತ್ತದೆ.

ಸೂರ್ಯ ಹುಟ್ಟುವುದಕ್ಕೆ ಬಹಳ ಮೊದಲೇ ನಿರ್ಮಾಲ್ಯ ವಿಸರ್ಜನೆ. ಅಂದರೆ ನಿನ್ನೆಯ ಹೂವು, ತುಳಸಿ ತೆಗೆಯುವುದು. ಮಗುವಿನ ಮೈಮೇಲಿನ ಹಳೆ ಬಟ್ಟೆ ಬಿಚ್ಚಿದ ಹಾಗೆ. ಆಮೇಲೆ ಉಷಃಕಾಲದ ಪೂಜೆ, ಗೋಪೂಜೆ, ಪಂಚಾಮೃತದ ಅಭಿಷೇಕ. ಮೈ ಉಜ್ಜಿ ಜಿಡ್ಡು ತೆಗೆಯುವುದಕ್ಕೂ ಒಂದು ಪೂಜೆ, ಅದು ಉದ್ವರ್ತನೆ. ನೀರು ಹಾಕುವುದಕ್ಕೆ ಇನ್ನೊಂದು. ಬಟ್ಟೆ ಉಡಿಸಿ ಒಡವೆ ತೊಡಿಸುವುದು ಅಲಂಕಾರ ಪೂಜೆ. ಹೊತ್ತು ಏರಿದ ಮೇಲೆ ಮಹಾಪೂಜೆ. ಆಗಲೇ ದೊಡ್ಡ ನೈವೇದ್ಯ, ದೊಡ್ಡ ಮಂಗಳಾರತಿ. ಮಹಾಪೂಜೆಯನ್ನು ಪರ್ಯಾಯ ಪೀಠದಲ್ಲಿ ಇರುವವರೇ ಮಾಡಬೇಕು. ಸಂಜೆ ಚಾಮರ ಸೇವೆ, ರಾತ್ರಿ ಪೂಜೆ, ಕೊನೆಗೆ ವಾದ್ಯ ಸಂಗೀತದೊಂದಿಗೆ ಮಲಗಿಸುವ ಏಕಾಂತ ಸೇವೆ.

ಈಗ ಇದನ್ನೇ ಯತಿಯ ಕಡೆಯಿಂದ ನೋಡಿ. ನಿರ್ಮಾಲ್ಯ ತೆಗೆಯುವ ಮೊದಲೇ ಅವರ ಸ್ನಾನ ಆಗಿರಬೇಕು, ತಮ್ಮ ಜಪ ಆಗಿರಬೇಕು. ಹಾಗಾಗಿ ದಿನ ಶುರುವಾಗುವುದು ನಮ್ಮ ಮಧ್ಯರಾತ್ರಿಗೂ ಬೆಳಗಿಗೂ ನಡುವಿನ ಒಂದು ಹೊತ್ತಿನಲ್ಲಿ. ಮಿಂದ ಮೇಲೆ ಮಡಿ. ಮಡಿಯಲ್ಲಿರುವವರನ್ನು ಯಾರೂ ಮುಟ್ಟುವ ಹಾಗಿಲ್ಲ. ಭಕ್ತರಿಗೆ ಮಂತ್ರಾಕ್ಷತೆ ಕೊಡುವಾಗಲೂ ಮೇಲಿನಿಂದಲೇ ಕೈಗೆ ಹಾಕುತ್ತಾರೆ. ಪೂಜೆಗಳ ನಡುವೆ ಶಿಷ್ಯರಿಗೆ ಪಾಠ. ಮಧ್ವಾಚಾರ್ಯರ ಗ್ರಂಥಗಳು, ಅವುಗಳ ಮೇಲೆ ಜಯತೀರ್ಥರು ಬರೆದ ಟೀಕೆಗಳು. ಅವುಗಳಲ್ಲಿ ನ್ಯಾಯಸುಧಾ ಎಂಬುದು ಎಷ್ಟು ಕಠಿಣವೆಂದರೆ ಓದಿ ಮುಗಿಸಿದ ವಿದ್ಯಾರ್ಥಿಗಳಿಗೆ ‘ಸುಧಾಮಂಗಳ’ ಎಂದು ಸಮಾರಂಭವೇ ನಡೆಯುತ್ತದೆ.

ಊಟ ಯಾವಾಗ? ಮಹಾಪೂಜೆ ಮುಗಿದು, ತೀರ್ಥಪ್ರಸಾದ ಹಂಚಿದ ಮೇಲೆ. ಮಠದಲ್ಲಿ ಸ್ವಾಮಿಗಳ ಊಟಕ್ಕೆ ಊಟ ಅನ್ನುವುದಿಲ್ಲ, ಭಿಕ್ಷೆ ಅನ್ನುತ್ತಾರೆ. ಅಷ್ಟು ದೊಡ್ಡ ಉಗ್ರಾಣದ ಬೀಗದ ಕೈ ತಮ್ಮ ಹತ್ತಿರವೇ ಇದ್ದರೂ ತಟ್ಟೆಗೆ ಬೀಳುವುದು ಭಿಕ್ಷೆಯೇ. ಈ ಒಂದು ಪದದಲ್ಲಿ ಇಡೀ ಏರ್ಪಾಡಿನ ತಿರುಳಿದೆ ಅನ್ನಿಸುತ್ತದೆ ನನಗೆ. ಮಧ್ಯಾಹ್ನದಿಂದ ಭಕ್ತರು, ಲೆಕ್ಕಪತ್ರ, ಸಭೆ. ಸಂಜೆ ರಾಜಾಂಗಣದಲ್ಲಿ ಪ್ರವಚನ, ಅದಾದ ಮೇಲೆ ಸಂಗೀತವೋ ಯಕ್ಷಗಾನವೋ. ಮತ್ತೆ ರಾತ್ರಿಯ ಪೂಜೆಗಳು. ಮಲಗುವಷ್ಟರಲ್ಲಿ ನಾಳೆಯ ಸ್ನಾನಕ್ಕೆ ಕೆಲವೇ ಗಂಟೆ ಬಾಕಿ.

ದಿನವೂ ಮಹಾಪೂಜೆ ತಮ್ಮ ಕೈಯಿಂದಲೇ ಆಗಬೇಕಾದ್ದರಿಂದ ಆ ಎರಡು ವರ್ಷ ದೂರದ ಸಂಚಾರ ಆಗದ ಮಾತು. ಅದಕ್ಕೆ ಮುಂಚಿನ 14 ವರ್ಷ ಪೆಟ್ಟಿಗೆಯಲ್ಲಿ ಪಟ್ಟದ ದೇವರನ್ನು ಇಟ್ಟುಕೊಂಡು ಊರೂರು ತಿರುಗಿದವರು ಈಗ ಒಂದು ಬೀದಿಯೊಳಗೆ ನಿಲ್ಲುತ್ತಾರೆ.

ಅಡುಗೆಮನೆ

ತಿರುಪತಿಯವನು ಕಾಂಚನಬ್ರಹ್ಮ, ಪಂಢರಾಪುರದವನು ನಾದಬ್ರಹ್ಮ, ಉಡುಪಿಯವನು ಅನ್ನಬ್ರಹ್ಮ ಎಂಬ ಮಾತು ಎಲ್ಲರೂ ಕೇಳಿದ್ದೇ. ಹಾಗೆ ಕರೆಸಿಕೊಳ್ಳಬೇಕಾದರೆ ದಿನವೂ ಸಾವಿರಗಟ್ಟಲೆ ಜನಕ್ಕೆ ಬೇಯಬೇಕು. ಅಷ್ಟಕ್ಕೆ ಅಕ್ಕಿ ಎಲ್ಲಿಂದ, ಸೌದೆ ಎಲ್ಲಿಂದ?

ಪರ್ಯಾಯಕ್ಕೆ ಒಂದು ವರ್ಷಕ್ಕೂ ಮೊದಲೇ ತಯಾರಿ ಶುರುವಾಗುತ್ತದೆ. ಅದಕ್ಕೆ ನಾಲ್ಕು ಮುಹೂರ್ತ. ಮೊದಲನೆಯದು ಬಾಳೆ ಮುಹೂರ್ತ. ಬಾಳೆಗಿಡ, ತುಳಸಿ ನೆಡುತ್ತಾರೆ. ಸುಮ್ನೆ ಶಾಸ್ತ್ರಕ್ಕೆ ಅಂದುಕೊಳ್ಳಬೇಡಿ. ಬಾಳೆ ನೆಟ್ಟರೆ ಎಲೆ, ಗೊನೆ ಸಿಗುವುದಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕು. ಸಾವಿರಾರು ಎಲೆ ಹಾಕಬೇಕಾದ ಯಜಮಾನ ಮೊದಲು ಯೋಚಿಸಬೇಕಾದದ್ದು ಅದನ್ನೇ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಪರ್ಯಾಯ ಹತ್ತಿರ ಬಂದಾಗ ಭತ್ತ ಮುಹೂರ್ತ. ಎಲೆ, ಅಕ್ಕಿ, ಸೌದೆ, ಭತ್ತ. ಮದುವೆ ಮನೆಯ ಹಿರಿಯರು ಹಾಕುವ ಪಟ್ಟಿಯೂ ಹೆಚ್ಚುಕಡಿಮೆ ಇದೇ ತಾನೇ?

ಇವುಗಳಲ್ಲಿ ಕಣ್ಣಿಗೆ ಬೀಳುವುದು ಕಟ್ಟಿಗೆಯ ರಥ. ಸೌದೆಯನ್ನು ಸುಮ್ಮನೆ ರಾಶಿ ಹಾಕುವುದಿಲ್ಲ, ತೇರಿನ ಆಕಾರಕ್ಕೆ ಒಟ್ಟುತ್ತಾರೆ. ಕಲಶ ಸಮೇತ ನಿಂತ ಆ ಸೌದೆಯ ತೇರನ್ನು ನೋಡಲೆಂದೇ ಜನ ಬರುತ್ತಾರೆ. ಗ್ಯಾಸ್ ಬಂದು ಎಷ್ಟೋ ವರ್ಷವಾದರೂ ದೇವರ ನೈವೇದ್ಯಕ್ಕೆ ಸೌದೆ ಒಲೆಯೇ ಆಗಬೇಕು.

ಉಳಿದದ್ದು ಹೊರೆಕಾಣಿಕೆ. ಪರ್ಯಾಯದ ಹೊತ್ತಿಗೆ ಊರೂರಿನಿಂದ, ಸಂಘ ಸಂಸ್ಥೆಗಳಿಂದ ಮೆರವಣಿಗೆಯಲ್ಲಿ ಅಕ್ಕಿ, ತೆಂಗಿನಕಾಯಿ, ತರಕಾರಿ, ಬೆಲ್ಲ ಲಾರಿಗಟ್ಟಲೆ ಬರುತ್ತದೆ. ಇದರಲ್ಲಿ ಮಟ್ಟು ಊರಿನ ಗುಳ್ಳಕ್ಕೆ ವಿಶೇಷ ಜಾಗ. ಹಸಿರು ಗುಂಡು ಬದನೆ ಅದು. ಬೀಜ ಕೊಟ್ಟವರು ವಾದಿರಾಜರು ಎಂದು ಊರಿನವರು ಹೇಳುತ್ತಾರೆ, ಬೆಳೆದದ್ದನ್ನು ಕೃಷ್ಣನಿಗೆ ತಂದೊಪ್ಪಿಸುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅದೇ ಅಡುಗೆಮನೆಗೆ ಈರುಳ್ಳಿ, ಬೆಳ್ಳುಳ್ಳಿ ಬರುವುದಿಲ್ಲ. ಅವಿಲ್ಲದೆಯೂ ರುಚಿ ಹತ್ತಿಸುವ ಈ ಕಲೆ ಆಮೇಲೆ ಉಡುಪಿ ಹೋಟೆಲುಗಳ ಮೂಲಕ ಎಲ್ಲೆಲ್ಲಿಗೆ ಹೋಯಿತು ಎನ್ನುವುದು ಬೇರೆಯೇ ಕಥೆ.

ಇಷ್ಟನ್ನೂ ಸ್ವಾಮಿಗಳೊಬ್ಬರೇ ನಡೆಸುವುದಿಲ್ಲ. ಮಠದ ವ್ಯವಹಾರಕ್ಕೆ ದಿವಾನರು, ದಿನದ ಆಡಳಿತಕ್ಕೆ ಪಾರುಪತ್ಯಗಾರರು, ಉಗ್ರಾಣಕ್ಕೆ ಕೊಟ್ಟಾರಿಗಳು, ಒಲೆಯ ಮುಂದೆ ಅಡುಗೆ ಭಟ್ಟರು. ಸ್ವಾಮಿಗಳು ಬದಲಾದಾಗ ಇವರಲ್ಲೂ ಅನೇಕರು ಬದಲಾಗುತ್ತಾರೆ. ಜನವರಿ 18ರಂದು ಇಡೀ ಒಂದು ಸಂಸಾರ ಹೊರಗೆ ಹೋಗಿ ಇನ್ನೊಂದು ಸಂಸಾರ ಒಳಗೆ ಬರುತ್ತದೆ. ಹೊರಗೆ ಹೋದ ದಿನವೂ ಒಳಗೆ ಬಂದ ದಿನವೂ ಕೃಷ್ಣನ ಊಟ ತಪ್ಪುವ ಹಾಗಿಲ್ಲ.

ಏಕಾದಶಿ ಮತ್ತು ದ್ವಾದಶಿ

ವರ್ಷದ ಲಯ ತಿಳಿಯಬೇಕಾದರೆ ಹಬ್ಬಗಳಿಗಿಂತ ಮೊದಲು ಏಕಾದಶಿ ನೋಡಬೇಕು. ತಿಂಗಳಿಗೆ ಎರಡು, ವರ್ಷಕ್ಕೆ 24. ಅಧಿಕಮಾಸ ಬಂದ ವರ್ಷ 26. ಯತಿಗಳಿಗೆ ಅಂದು ನಿರ್ಜಲ, ಅಂದರೆ ನೀರೂ ಇಲ್ಲ. ಹಿಂದಿನ ದಿನ ದಶಮಿಗೆ ಒಂದೇ ಹೊತ್ತು, ಮರುದಿನ ದ್ವಾದಶಿಗೂ ಒಂದೇ ಹೊತ್ತು. ಹೀಗೆ ಪ್ರತಿ ಹದಿನೈದು ದಿನಕ್ಕೆ ಮೂರು ದಿನ ಹೊಟ್ಟೆಯ ಲೆಕ್ಕ ಬದಲಾಗುತ್ತದೆ. ಪೂಜೆ, ಪಾಠ, ಭಕ್ತರ ಭೇಟಿ ಯಾವುದೂ ನಿಲ್ಲುವುದಿಲ್ಲ.

ಉಪವಾಸಕ್ಕಿಂತ ಅವಸರ ದ್ವಾದಶಿಯದು. ಪಾರಣೆ, ಅಂದರೆ ಉಪವಾಸ ಬಿಡುವ ಊಟ, ದ್ವಾದಶಿ ತಿಥಿ ಮುಗಿಯುವುದರೊಳಗೆ ಆಗಲೇಬೇಕು. ದೇವರಿಗೆ ನೈವೇದ್ಯ ಆಗದೆ ಯಾರೂ ಉಣ್ಣುವ ಹಾಗಿಲ್ಲ. ಹಾಗಾಗಿ ಅಂದು ಪೂಜೆಗಳೆಲ್ಲ ಇನ್ನೂ ಬೇಗ ಶುರುವಾಗಿ, ಹೊತ್ತು ಏರಿದ ಮೇಲೆ ಆಗುವ ಮಹಾಪೂಜೆ ಬೆಳಿಗ್ಗೆಯೇ ಮುಗಿದುಹೋಗುತ್ತದೆ. ಅಂದರೆ ಅಡುಗೆ ಭಟ್ಟರು ಒಲೆ ಹಚ್ಚುವುದು ರಾತ್ರಿಯೇ. ಕೆಲವೊಮ್ಮೆ ದ್ವಾದಶಿ ತಿಥಿ ಸೂರ್ಯೋದಯದ ನಂತರ ಸ್ವಲ್ಪ ಹೊತ್ತು ಮಾತ್ರ ಇರುತ್ತದೆ. ಅದಕ್ಕೆ ಸಾಧನ ದ್ವಾದಶಿ ಎನ್ನುತ್ತಾರೆ. ಆಗ ನಿಮಿಷದ ಲೆಕ್ಕ. ನಮ್ಮ ಗಡಿಯಾರ ಬದಿಗಿಟ್ಟು ಪಂಚಾಂಗ ಹಿಡಿದು ಬದುಕುವುದು ಹೇಗಿರುತ್ತದೆ ಎಂದು ತಿಳಿಯಲು ಅಂಥ ಒಂದು ಬೆಳಗಿನ ಜಾವ ಮಠದಲ್ಲಿ ಕಳೆದರೆ ಸಾಕು.

ಮಳೆಗಾಲದ ನಾಲ್ಕು ತಿಂಗಳು

ಜನವರಿಯಲ್ಲಿ ಪೀಠಕ್ಕೆ ಬಂದವರಿಗೆ ಮಧ್ವನವಮಿ, ಯುಗಾದಿ, ರಾಮನವಮಿ ಬೇಗ ಬೇಗ ಕಳೆದುಹೋಗುತ್ತವೆ. ಬೇಸಿಗೆಯ ರಜೆಯಲ್ಲಿ ಜನ ಜಾಸ್ತಿ, ಸೆಕೆಯೂ ಜಾಸ್ತಿ. 2026ರ ಹಾಗೆ ಅಧಿಕ ಜ್ಯೇಷ್ಠ ಬಂದರೆ ಒಂದು ತಿಂಗಳು ಹೆಚ್ಚುವರಿ. ಅಧಿಕಮಾಸದಲ್ಲಿ 33 ಅಪೂಪ, ಅಂದರೆ ಕಜ್ಜಾಯ, ದಾನ ಮಾಡುವ ಪದ್ಧತಿ ಇರುವುದರಿಂದ ಎಣ್ಣೆ ಬಾಣಲೆಗೂ ಪುರುಸೊತ್ತಿಲ್ಲ. ಜ್ಯೇಷ್ಠ ಶುದ್ಧ ದಶಮಿ, ಭಾಗೀರಥಿ ಹುಟ್ಟಿದ ದಿನ. ಅಂದು ಮಧ್ವಸರೋವರದಲ್ಲಿ ತೆಪ್ಪೋತ್ಸವ ಮುಗಿದರೆ ಉತ್ಸವಮೂರ್ತಿ ಒಳಗೆ ಹೋಗುತ್ತದೆ. ತೇರುಗಳಿಗೆ ರಜೆ. ಕರಾವಳಿಯ ಮಳೆ ನೋಡಿದವರಿಗೆ ಇದರ ಕಾರಣ ಹೇಳಬೇಕಾಗಿಲ್ಲ.

ಆಷಾಢ ಶುದ್ಧ ಏಕಾದಶಿ ಬಂತೆಂದರೆ ಮಠದ ವರ್ಷ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಪ್ರಥಮೇಕಾದಶಿ ಅದು. ವಿಷ್ಣು ಮಲಗುವ ದಿನ ಎಂದು ನಂಬಿಕೆ. ಅಂದು ತಪ್ತಮುದ್ರಾಧಾರಣೆ. ಸುದರ್ಶನ ಹೋಮದ ಬೆಂಕಿಯಲ್ಲಿ ಕಾಯಿಸಿದ ಶಂಖ ಚಕ್ರದ ಮುದ್ರೆಯನ್ನು ಸ್ವಾಮಿಗಳು ಭಕ್ತರ ತೋಳಿಗೆ ಒತ್ತುತ್ತಾರೆ. ಚುರ್ ಎಂದು ಒಂದು ಕ್ಷಣ, ಅಷ್ಟೇ. ಸಾಲು ಮಾತ್ರ ಉದ್ದ. ಎಳೆ ಮಕ್ಕಳಿಂದ ಮುದುಕರವರೆಗೆ ಜನ ನಿಂತಿರುತ್ತಾರೆ. ಬೆಂಕಿಯ ಮುಂದೆ ಕೂತು ಗಂಟೆಗಟ್ಟಲೆ ಮುದ್ರೆ ಒತ್ತುವವರು ಅಂದು ಹನಿ ನೀರೂ ಕುಡಿದಿರುವುದಿಲ್ಲ ಎನ್ನುವುದನ್ನು ಸಾಲಿನಲ್ಲಿರುವ ಎಷ್ಟು ಜನ ನೆನೆಯುತ್ತಾರೋ.

ಅಲ್ಲಿಂದ ನಾಲ್ಕು ತಿಂಗಳು ಚಾತುರ್ಮಾಸ್ಯ. ಈ ಪದಕ್ಕೆ ಎರಡು ಬಳಕೆ ಇದೆ, ಬಹಳ ಜನ ಬೆರೆಸಿಬಿಡುತ್ತಾರೆ. ಒಂದು, ಊಟದ ವ್ರತ. ಇದು ಪೂರ್ತಿ ನಾಲ್ಕು ತಿಂಗಳು, ಮನೆಯವರೂ ಮಾಡುತ್ತಾರೆ. ಇನ್ನೊಂದು, ಸನ್ಯಾಸಿ ಒಂದೇ ಕಡೆ ನಿಲ್ಲುವ ವ್ರತ. ಮಳೆಗಾಲದಲ್ಲಿ ನೆಲದ ತುಂಬ ಹುಳುಹುಪ್ಪಟೆ. ನಡೆದರೆ ಕಾಲಡಿ ಸಾಯುತ್ತವೆ, ಹಾಗಾಗಿ ಒಂದೂರಲ್ಲಿ ನಿಲ್ಲು ಎಂಬುದು ಹಳೆಯ ನಿಯಮ. ಪಕ್ಷವನ್ನೇ ಮಾಸವೆಂದು ಎಣಿಸಬಹುದು ಎಂಬ ಆಧಾರದ ಮೇಲೆ ಈ ನಿಲ್ಲುವ ವ್ರತ ಸುಮಾರು ಎರಡು ತಿಂಗಳಿಗೇ ಮುಗಿಯುತ್ತದೆ. ಮುಗಿದ ಮೇಲೆ ಸೀಮೋಲ್ಲಂಘನ, ಅಂದರೆ ಊರಿನ ಗಡಿ ದಾಟಿ ಬರುವುದು. ಪರ್ಯಾಯದಲ್ಲಿ ಇಲ್ಲದ ಸ್ವಾಮಿಗಳು ಬೆಂಗಳೂರೋ ಮೈಸೂರೋ ಎಲ್ಲಿ ಒಪ್ಪಿಕೊಂಡಿದ್ದಾರೋ ಅಲ್ಲಿ ಚಾತುರ್ಮಾಸ್ಯಕ್ಕೆ ಕೂರುತ್ತಾರೆ. ಆ ಊರಿನ ಭಕ್ತರಿಗೆ ಅದು ದಿನವೂ ಪ್ರವಚನ ಸಿಗುವ ಕಾಲ.

ಊಟದ ವ್ರತ ಮಾತ್ರ ಅಡುಗೆಯವರಿಗೆ ನಿಜವಾದ ಪರೀಕ್ಷೆ. ಮೊದಲ ತಿಂಗಳು ಶಾಕವ್ರತ: ತರಕಾರಿ ಇಲ್ಲ, ಸೊಪ್ಪಿಲ್ಲ. ಮೆಣಸಿನಕಾಯಿಯೂ ಹುಣಸೆಹುಳಿಯೂ ಇಲ್ಲ. ಹೆಸರುಬೇಳೆ, ಉದ್ದು, ಜೀರಿಗೆ, ಕಾಳುಮೆಣಸು, ಹುಳಿಗೆ ಮಾವು. ಇಷ್ಟರಲ್ಲೇ ಸಾರು ಕುದಿಯಬೇಕು. ಎರಡನೆಯ ತಿಂಗಳು ತರಕಾರಿ ವಾಪಸ್ ಬರುತ್ತದೆ, ಮೊಸರು ಹೋಗುತ್ತದೆ. ಮೂರನೆಯ ತಿಂಗಳು ಮೊಸರು ಬರುತ್ತದೆ, ಹಾಲು ಹೋಗುತ್ತದೆ. ನಾಲ್ಕನೆಯದು ದ್ವಿದಳ ವ್ರತ. ಎರಡು ಬೇಳೆಯಾಗಿ ಒಡೆಯುವ ಯಾವ ಕಾಳೂ ಇಲ್ಲ. ತೊಗರಿಯಿಲ್ಲ, ಕಡಲೆಯಿಲ್ಲ, ಉದ್ದಿಲ್ಲ. ಉದ್ದಿಲ್ಲ ಎಂದರೆ ಇಡ್ಲಿಯಿಲ್ಲ, ದೋಸೆಯಿಲ್ಲ, ಒಗ್ಗರಣೆಗೆ ಉದ್ದಿನಬೇಳೆಯೂ ಇಲ್ಲ. ಉಡುಪಿಯಲ್ಲಿ ಕೂತು ಉದ್ದು ಬಿಡುವುದು!

ಇದಕ್ಕೆ ಆರೋಗ್ಯದ ಕಾರಣ ಕೊಡುವವರಿದ್ದಾರೆ. ಮಳೆಗಾಲದ ಸೊಪ್ಪಿನಲ್ಲಿ ಹುಳ ಇರುತ್ತದೆ ಇತ್ಯಾದಿ. ಇರಬಹುದು. ನನಗನ್ನಿಸುವುದು ಬೇರೆ. ಒಂದೇ ಸಲ ಎಲ್ಲ ಬಿಟ್ಟರೆ ಕೆಲವು ದಿನದಲ್ಲಿ ಅದೇ ಅಭ್ಯಾಸವಾಗಿ ಬಿಡುತ್ತದೆ. ಒಂದನ್ನು ಬಿಟ್ಟು, ಅದಿಲ್ಲದೆ ನಾಲಗೆ ಹೊಂದಿಕೊಳ್ಳುವಷ್ಟರಲ್ಲಿ ಅದನ್ನು ವಾಪಸ್ ಕೊಟ್ಟು ಇನ್ನೊಂದನ್ನು ಕಿತ್ತುಕೊಂಡರೆ ನಾಲಗೆಗೆ ನೆಮ್ಮದಿಯೇ ಇಲ್ಲ. ಇದನ್ನು ಯೋಚಿಸಿದವರಿಗೆ ಮನುಷ್ಯರ ಬಗ್ಗೆ ಚೆನ್ನಾಗಿ ಗೊತ್ತಿತ್ತು.

ಈ ವ್ರತಗಳ ನಡುವೆಯೇ ಅಷ್ಟಮಿ ಬರುತ್ತದೆ. ಉಡುಪಿಯ ಅಷ್ಟಮಿ ಬೇರೆ ಕಡೆಯ ಜನ್ಮಾಷ್ಟಮಿಯ ದಿನವೇ ಬರಬೇಕೆಂದಿಲ್ಲ. ಇಲ್ಲಿ ಸೌರಮಾನದ ಲೆಕ್ಕ, ಸಿಂಹ ಮಾಸ. ಅಂದು ಇಡೀ ದಿನ ಉಪವಾಸ, ನಡುರಾತ್ರಿ ಚಂದ್ರೋದಯಕ್ಕೆ ಅರ್ಘ್ಯ. ಉಪವಾಸದ ದಿನವೇ ಅಡುಗೆಮನೆಯಲ್ಲಿ ಉಂಡೆ, ಚಕ್ಕುಲಿ ಗುಡ್ಡೆ ಬೀಳುತ್ತಿರುತ್ತದೆ. ಎಲ್ಲ ನಾಳೆಗೆ. ಮರುದಿನ ವಿಟ್ಲಪಿಂಡಿ. ಮಣ್ಣಿನ ಕೃಷ್ಣನನ್ನು ತೇರಿನಲ್ಲಿ ಕೂರಿಸಿ ಮೆರವಣಿಗೆ, ಗೊಲ್ಲರ ವೇಷದವರು ಮೊಸರು ಕುಡಿಕೆ ಒಡೆಯುವುದು, ಬೀದಿ ತುಂಬ ಹುಲಿವೇಷ. ಕೊನೆಗೆ ಆ ಮಣ್ಣಿನ ಮೂರ್ತಿ ಮಧ್ವಸರೋವರದ ನೀರಿಗೆ. ಅಂದು ಉಂಡವರ ಲೆಕ್ಕ ಇಡುವುದು ಕೊಟ್ಟಾರಿಗೂ ಕಷ್ಟ.

ನವರಾತ್ರಿಯಲ್ಲಿ ಕೃಷ್ಣನಿಗೆ ಸೀರೆಯುಡಿಸಿ ದೇವಿಯ ಅಲಂಕಾರ. ಅದು ಮುಗಿಯುತ್ತಿದ್ದಂತೆ ಪಶ್ಚಿಮ ಜಾಗರ ಪೂಜೆ ಶುರು. ನಸುಕಿನಲ್ಲಿ ದೀಪ ಹಚ್ಚಿ, ವಾದ್ಯ ಊದಿ, ಮಲಗಿದ ದೇವರನ್ನು ಒಂದು ತಿಂಗಳು ಮೆಲ್ಲಗೆ ಎಬ್ಬಿಸುವ ಪೂಜೆ. ಯತಿಗಳಿಗೆ ನಿದ್ದೆ ಇನ್ನೂ ಕಡಿಮೆ. ಕಾರ್ತಿಕದ ಉತ್ಥಾನ ದ್ವಾದಶಿಗೆ ದೇವರು ಎದ್ದಂತೆ. ವ್ರತ ಮುಗಿಯುತ್ತದೆ, ಉತ್ಸವಮೂರ್ತಿ ಹೊರಗೆ ಬರುತ್ತದೆ, ತೇರು ಮತ್ತೆ ಉರುಳುತ್ತದೆ. ಅಂದು ಸಂಜೆಯಿಂದಲೇ ನಾಲ್ಕು ದಿನ ಲಕ್ಷದೀಪೋತ್ಸವ. ರಥಬೀದಿಯ ಸುತ್ತ ಹಣತೆಗಳ ಸಾಲು. ನನ್ನ ಕೇಳಿದರೆ ಉಡುಪಿಗೆ ಒಂದೇ ಸಲ ಹೋಗುವವರು ಪರ್ಯಾಯದ ನೂಕುನುಗ್ಗಲಿಗಿಂತ ಈ ನಾಲ್ಕು ಸಂಜೆಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಬೀದಿಗೆ ಬಂದ ಪ್ರಶ್ನೆಗಳು

ಇಷ್ಟು ಹೇಳಿ ಮಠದ ಒಳಗೆ ಎಲ್ಲ ಸಲೀಸು ಎಂಬ ಚಿತ್ರ ಬಿಟ್ಟರೆ ತಪ್ಪಾಗುತ್ತದೆ. ಅಷ್ಟಮಠದ ಪದ್ಧತಿಯಲ್ಲಿ ಸನ್ಯಾಸ ಕೊಡುವುದು ಬ್ರಹ್ಮಚಾರಿಗೆ, ಎಷ್ಟೋ ಸಲ ಚಿಕ್ಕ ವಯಸ್ಸಿನಲ್ಲೇ. ಹುಡುಗನಿಗೆ ತಾನು ಏನು ಬಿಡುತ್ತಿದ್ದೇನೆ ಎಂದು ಗೊತ್ತಿರುತ್ತದೆಯೇ? ಈ ಪ್ರಶ್ನೆ ಶಿರೂರು ಮಠಕ್ಕೆ 16 ವರ್ಷದ ಹುಡುಗನ ನೇಮಕವಾದಾಗ ಕೋರ್ಟ್ ಮೆಟ್ಟಿಲೇರಿತು. ಚಿಕ್ಕವರು ಸನ್ಯಾಸ ಸ್ವೀಕರಿಸಬಾರದು ಎಂದು ಕಾನೂನು ಇಲ್ಲವೆಂದು 2021ರಲ್ಲಿ ಕರ್ನಾಟಕ ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿತು. ಕಾನೂನಿನ ಉತ್ತರ ಸಿಕ್ಕಿತು, ಪ್ರಶ್ನೆ ಇನ್ನೂ ಜನರ ಬಾಯಲ್ಲಿದೆ. ಸಮುದ್ರ ದಾಟಿ ಬಂದ ಯತಿ ಕೃಷ್ಣನನ್ನು ಮುಟ್ಟಬಹುದೇ ಎನ್ನುವುದು 2008ರ ಪುತ್ತಿಗೆ ಪರ್ಯಾಯದ ಹೊತ್ತಿಗೆ ಮಠಗಳ ನಡುವೆಯೇ ದೊಡ್ಡ ಜಗಳವಾಯಿತು. ಊಟದ ಸಾಲಿನಲ್ಲಿ ಜಾತಿ ನೋಡಿ ಬೇರೆ ಕೂರಿಸುವ ಪಂಕ್ತಿಭೇದದ ವಿರುದ್ಧ ವರ್ಷಗಟ್ಟಲೆ ಹೋರಾಟ ನಡೆದಿದೆ. ಅನ್ನಬ್ರಹ್ಮ ಎಂದು ಹೇಳಿಕೊಳ್ಳುವ ಜಾಗದಲ್ಲಿ ಅನ್ನದ ಸಾಲಿನ ಬಗ್ಗೆಯೇ ಪ್ರಶ್ನೆ ಎದ್ದರೆ ಅದು ಚಿಕ್ಕ ಪ್ರಶ್ನೆಯಲ್ಲ.

ವರ್ಷದ ಕೊನೆ

ಧನುರ್ಮಾಸದಲ್ಲಿ ಸೂರ್ಯ ಹುಟ್ಟುವ ಮೊದಲೇ ಪೂಜೆ, ನೈವೇದ್ಯಕ್ಕೆ ಹುಗ್ಗಿ. ಅಕ್ಕಿ, ಹೆಸರುಬೇಳೆ, ತುಪ್ಪ. ಎರಡು ತಿಂಗಳ ಹಿಂದೆ ದ್ವಿದಳ ವ್ರತದಲ್ಲಿ ಇದೇ ಹೆಸರುಬೇಳೆ ಮನೆಯಿಂದ ಹೊರಗಿತ್ತು. ಚಳಿಯಲ್ಲಿ ಎಲೆಯ ದೊನ್ನೆಗೆ ಬಿದ್ದ ಬಿಸಿ ಹುಗ್ಗಿಯ ರುಚಿ ಜಾಸ್ತಿಯಾಗುವುದು ಯಾಕೆ ಎಂದು ಈಗ ಗೊತ್ತಾಗಿರಬೇಕು.

ಮಕರ ಸಂಕ್ರಾಂತಿಯ ಸುಮಾರಿಗೆ ಸಪ್ತೋತ್ಸವ. ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠೆ ಮಾಡಿದ ನೆನಪಿನ ಏಳು ದಿನ. ಸಂಕ್ರಾಂತಿಯ ರಾತ್ರಿ ಮೂರು ತೇರು ಒಟ್ಟಿಗೆ ಹೊರಡುತ್ತವೆ. ಪರ್ಯಾಯ ಶುರುವಾಗುವುದು ಸಪ್ತೋತ್ಸವ ಮುಗಿದು ಮೂರು ದಿನಕ್ಕೆ. ಹಾಗಾಗಿ ಪೀಠಕ್ಕೆ ಬಂದ ಸ್ವಾಮಿಗಳು ತಮ್ಮ ಮೊದಲ ಸಪ್ತೋತ್ಸವಕ್ಕೆ ಪೂರ್ತಿ ಒಂದು ವರ್ಷ ಕಾಯಬೇಕು. ಅದು ಬರುವ ಹೊತ್ತಿಗೆ ಹೆಚ್ಚುಕಡಿಮೆ 360 ಮಹಾಪೂಜೆ ಆಗಿರುತ್ತವೆ. ಯಾವ ಭಟ್ಟರ ಕೈಯಲ್ಲಿ ಉಪ್ಪು ಜಾಸ್ತಿ, ಯಾವ ತಿಂಗಳು ತೆಂಗಿನಕಾಯಿ ಸಾಲುವುದಿಲ್ಲ ಎಂಬುದೆಲ್ಲ ತಿಳಿದಿರುತ್ತದೆ. ಬಂದ ಹೊಸತರ ಗಡಿಬಿಡಿ ಹೋಗಿ ಕೈ ಪಳಗಿರುತ್ತದೆ.

ಅಷ್ಟರಲ್ಲಿ ಅದೇ ರಥಬೀದಿಯ ಇನ್ನೊಂದು ಮಠದವರು ಬಾಳೆ ಮುಹೂರ್ತ ಮುಗಿಸಿ ಸುಳಿ ಒಡೆಯುವುದನ್ನು ನೋಡುತ್ತಿರುತ್ತಾರೆ. ಅವರ ಎಲೆ ಬಲಿಯಲು ಇನ್ನು ಒಂದು ವರ್ಷವಿದೆ.